ಅಲ್ಪ ಭೂಕಂಪ ವಲಯದ ನಗರಗಳಲ್ಲಿ ಎತ್ತರದ ಕಟ್ಟಡಗಳ ಸುರಕ್ಷತೆ: ಬೆಂಗಳೂರನ್ನು ಕುರಿತ ಒಂದು ವಿವೇಚನೆ

1. ಪೀಠಿಕೆ

ದಖನ್ ಪ್ರಸ್ಥಭೂಮಿಯ ದಕ್ಷಿಣ ಭಾಗದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರು ನಗರವು ಭೂಮಿಯ ಅತಿ ಪ್ರಾಚೀನ ಶಿಲೆಗಳಲ್ಲಿ ಒಂದಾದ ನೈಸ್ ಶಿಲಾಸ್ತರದ ಮೇಲೆ ನಿಂತಿದೆ. ಈ ಶಿಲೆಯ ಪ್ರಾಚೀನತೆಯೇ ನಗರದ ಸುರಕ್ಷತೆಗೆ ಸಾಕ್ಷಿಯೆಂಬ ಭಾವನೆ ಜನಸಾಮಾನ್ಯರಲ್ಲಿ ಮಾತ್ರವಲ್ಲದೆ ಕಟ್ಟಡ ನಿರ್ಮಾಣದಲ್ಲಿ ತೊಡಗಿರುವವರಲ್ಲಿಯೂ ಬಹುಕಾಲದಿಂದ ಬೇರೂರಿದೆ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ ಐ.ಎಸ್. 1893 ಸಂಹಿತೆಯ 2002 ಮತ್ತು 2016ರ ಆವೃತ್ತಿಗಳಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿ, ಅಂದರೆ ಆ ನಕ್ಷೆಗಳ ನಾಲ್ಕು ವಲಯಗಳ ಪೈಕಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿ ಸೇರಿದೆ. ಈ ವರ್ಗೀಕರಣವು ಆ ಭಾವನೆಯನ್ನು ಇನ್ನಷ್ಟು ದೃಢಪಡಿಸಿತು.

2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶ ನಡುಗಿದ ಮೂರು ದಿನಗಳ ಬಳಿಕ, ಜನವರಿ 29ರಂದು, ಮಂಡ್ಯ ಭಾಗದಲ್ಲಿ ಉಂಟಾದ ಲಘು ಕಂಪನವು ಬೆಂಗಳೂರಿನವರೆಗೂ ಅನುಭವಕ್ಕೆ ಬಂದಿತು. ಅದರ ಪರಿಮಾಣ ನಾಲ್ಕನ್ನು ಸ್ವಲ್ಪವಷ್ಟೇ ಮೀರಿತ್ತು. ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ, ಆದರೆ ನಗರದ ಕಾಲಡಿಯ ನೆಲವೂ ನಿಶ್ಚಲವಲ್ಲವೆಂಬುದು ಅಂದು ಮನವರಿಕೆಯಾಯಿತು. ಆ ನಂತರದ ವರ್ಷಗಳಲ್ಲಿ ನಗರವು ಅಗಲಕ್ಕಿಂತ ಎತ್ತರಕ್ಕೆ ಹೆಚ್ಚು ವೇಗದಿಂದ ಬೆಳೆದಿದೆ. ಮೂರು ನಾಲ್ಕು ಮಹಡಿಗಳ ಮನೆಗಳಿದ್ದ ಬಡಾವಣೆಗಳಲ್ಲಿ ಇಪ್ಪತ್ತು, ಮೂವತ್ತು ಮಹಡಿಗಳ ವಸತಿ ಸಮುಚ್ಚಯಗಳು ಎದ್ದಿವೆ.

ಅಲ್ಪ ಭೂಕಂಪ ವಲಯದಲ್ಲಿರುವ ಎತ್ತರದ ಕಟ್ಟಡಕ್ಕೆ ಭೂಕಂಪವು ನಿಜವಾಗಿ ಚಿಂತಿಸಬೇಕಾದ ವಿಷಯವೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಇಂತಹ ನಗರಗಳಲ್ಲಿ ಸಂಹಿತೆಯು ವಿಧಿಸುವ ಭೂಕಂಪ ಬಲ ಚಿಕ್ಕದು. ಆದರೆ ಆ ಅಂಕಿಯು ಚಿಕ್ಕದಾಗಿರುವುದು ಕಟ್ಟಡದ ರಚನೆಯಲ್ಲಿ ಶಿಸ್ತನ್ನು ಸಡಿಲಿಸಲು ನೀಡಿದ ಅನುಮತಿಯಲ್ಲ. ಇಲ್ಲಿ ಸುರಕ್ಷತೆಯು ಲೆಕ್ಕದ ಬಲಕ್ಕಿಂತ ಹೆಚ್ಚಾಗಿ ಕಟ್ಟಡದ ಆಕೃತಿ, ತನ್ಯತೆ ಮತ್ತು ನಿರ್ಮಾಣದ ಪ್ರಾಮಾಣಿಕತೆಯನ್ನು ಅವಲಂಬಿಸಿದೆ.

2. ಸ್ಥಿರವೆನಿಸಿದ ಭೂಭಾಗದ ಇತಿಹಾಸ

ಭೂಫಲಕಗಳ ಅಂಚಿನಲ್ಲಿರುವ ಹಿಮಾಲಯ ಪ್ರದೇಶದಲ್ಲಿ ದೊಡ್ಡ ಭೂಕಂಪಗಳು ಪದೇ ಪದೇ ಸಂಭವಿಸುತ್ತವೆ. ದಕ್ಷಿಣ ಭಾರತವು ಫಲಕದ ಒಳಭಾಗದಲ್ಲಿದೆ. ಇಲ್ಲಿ ಒತ್ತಡ ಬಹು ನಿಧಾನವಾಗಿ ಶೇಖರವಾಗುತ್ತದೆ. ಹಳೆಯ ಸ್ತರಭಂಗವೊಂದು ಜಾರಲು ಸಾವಿರಾರು ವರ್ಷಗಳೇ ಬೇಕಾಗಬಹುದು. ಭೂಕಂಪ ಮಾಪಕಗಳ ದಾಖಲೆಯಾದರೋ ಕೇವಲ ಒಂದು ಶತಮಾನದಷ್ಟು ಹಳೆಯದು. ಆದುದರಿಂದ ಒಂದು ಪ್ರದೇಶದಲ್ಲಿ ಭೂಕಂಪದ ದಾಖಲೆಯಿಲ್ಲವೆಂದ ಮಾತ್ರಕ್ಕೆ ಅಲ್ಲಿ ಭೂಕಂಪವಾಗದೆಂದು ತೀರ್ಮಾನಿಸಲಾಗದು.

ಲಭ್ಯವಿರುವ ಇತಿಹಾಸವೂ ಸಂಪೂರ್ಣ ಶಾಂತವಾದುದಲ್ಲ. 1843ರಲ್ಲಿ ಬಳ್ಳಾರಿ ಪ್ರದೇಶದಲ್ಲಿಯೂ 1900ರ ಫೆಬ್ರವರಿ 8ರಂದು ಕೊಯಮತ್ತೂರು ಪ್ರದೇಶದಲ್ಲಿಯೂ ಗಣನೀಯ ಭೂಕಂಪಗಳು ಸಂಭವಿಸಿದವು. ಎರಡನೆಯದು ದಕ್ಷಿಣ ಭಾರತದ ವಿಸ್ತಾರವಾದ ಭಾಗದಲ್ಲಿ ಅನುಭವಕ್ಕೆ ಬಂದಿತು. 1967ರ ಡಿಸೆಂಬರ್ 11ರ ಮುಂಜಾನೆ ಮಹಾರಾಷ್ಟ್ರದ ಕೊಯ್ನಾದಲ್ಲಿ 6.3 ಪರಿಮಾಣದ ಕಂಪನವಾಗಿ ಸುಮಾರು 180 ಮಂದಿ ಮೃತಪಟ್ಟರು. ಈ ಘಟನೆಯ ತರುವಾಯ 1970ರಲ್ಲಿ ಸಂಹಿತೆಯ ನಕ್ಷೆ ಪರಿಷ್ಕೃತವಾಯಿತು. ಅದರಲ್ಲಿದ್ದ ಶೂನ್ಯ ವಲಯವೆಂಬ ವರ್ಗವೇ ಕೈಬಿಟ್ಟುಹೋಯಿತು. ಭೂಕಂಪದ ಅಪಾಯ ಶೂನ್ಯವಾಗಿರುವ ನೆಲ ದೇಶದಲ್ಲಿಲ್ಲವೆಂಬ ತಿಳಿವಳಿಕೆ ಹೀಗೆ ಸಂಹಿತೆಯಲ್ಲಿ ಸ್ಥಾನ ಪಡೆಯಿತು.

1993ರ ಸೆಪ್ಟೆಂಬರ್ 30ರಂದು ಕರ್ನಾಟಕದ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ 6.2 ಪರಿಮಾಣದ ಭೂಕಂಪ ಸಂಭವಿಸಿತು. ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ನಿದ್ರೆಯಲ್ಲಿದ್ದ ಸಾವಿರಾರು ಜನ ಕಲ್ಲುಮಣ್ಣಿನ ಗೋಡೆಗಳಡಿಯಲ್ಲಿ ಸಿಲುಕಿ ಪ್ರಾಣ ಕಳೆದುಕೊಂಡರು. 1984ರ ನಕ್ಷೆಯಲ್ಲಿ ಆ ಪ್ರದೇಶವು ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನು ತೆಗೆದು ಎರಡನೆಯದರಲ್ಲಿ ವಿಲೀನಗೊಳಿಸಲಾಯಿತು. ಕಿಲ್ಲಾರಿ ಪ್ರದೇಶ ಮೂರನೆಯ ವಲಯಕ್ಕೆ ಏರಿತು. ಬೆಂಗಳೂರು ಎರಡನೆಯ ವಲಯಕ್ಕೆ ಬಂದದ್ದೂ ಈ ಪರಿಷ್ಕರಣೆಯಲ್ಲಿಯೇ.

ಈ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಯ್ನಾ ಮತ್ತು ಕಿಲ್ಲಾರಿಗಳಲ್ಲಿ ನಕ್ಷೆಯು ಭೂಕಂಪಕ್ಕಿಂತ ಮೊದಲು ಎಚ್ಚರಿಸಲಿಲ್ಲ. ಭೂಕಂಪವಾದ ನಂತರ ತಿದ್ದಲ್ಪಟ್ಟಿತು. ನಕ್ಷೆಯೆಂಬುದು ಆಯಾ ಕಾಲದ ತಿಳಿವಳಿಕೆಯ ಚಿತ್ರವೇ ಹೊರತು ಭೂಮಿ ಬರೆದುಕೊಟ್ಟ ಮುಚ್ಚಳಿಕೆಯಲ್ಲ. ಆದರೆ ಕಟ್ಟಡವೊಂದು ಒಮ್ಮೆ ನಿಂತರೆ ಐವತ್ತು, ನೂರು ವರ್ಷ ಬಾಳುತ್ತದೆ. ಆ ಅವಧಿಯಲ್ಲಿ ನಕ್ಷೆ ಹಲವು ಬಾರಿ ಬದಲಾಗಬಹುದು.

3. ವಲಯಾಂಕ ಹೇಳುವುದೇನು, ಹೇಳದಿರುವುದೇನು

2016ರ ಆವೃತ್ತಿಯಲ್ಲಿ ಎರಡನೆಯ ವಲಯದ ವಲಯಾಂಕ 0.10, ಮೂರನೆಯದಕ್ಕೆ 0.16, ನಾಲ್ಕನೆಯದಕ್ಕೆ 0.24, ಐದನೆಯದಕ್ಕೆ 0.36. ನೆಲದ ಗರಿಷ್ಠ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಎಷ್ಟು ಭಾಗವಿರಬಹುದೆಂಬುದನ್ನು ಈ ಸಂಖ್ಯೆ ಸ್ಥೂಲವಾಗಿ ಸೂಚಿಸುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ ಇದರ ಅರ್ಧವನ್ನು ಮಾತ್ರ ಪರಿಗಣಿಸಲಾಗುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ಅವರು ಬೆಂಗಳೂರಿಗಾಗಿ ನಡೆಸಿದ ಸೂಕ್ಷ್ಮ ವಲಯೀಕರಣ ಅಧ್ಯಯನದಲ್ಲಿ, ಮಂಡ್ಯ–ಚನ್ನಪಟ್ಟಣ–ಬೆಂಗಳೂರು ರೇಖಾರಚನೆಯಲ್ಲಿ ಐದನ್ನು ತುಸು ಮೀರಿದ ಪರಿಮಾಣದ ಭೂಕಂಪವಾದರೆ ಬಂಡೆಯ ಮಟ್ಟದಲ್ಲಿಯೇ ಈ ವೇಗೋತ್ಕರ್ಷ ಸುಮಾರು 0.15 ಆಗಬಹುದೆಂದು ಅಂದಾಜಿಸಲಾಗಿದೆ. ಇದು ಸಂಹಿತೆಯ ವಲಯಾಂಕಕ್ಕಿಂತ ಹೆಚ್ಚು. ಮಧ್ಯಮ ಗಾತ್ರದ ಭೂಕಂಪವೂ ಹತ್ತಿರದಲ್ಲಿ ಸಂಭವಿಸಿದರೆ ಎಷ್ಟು ಪರಿಣಾಮಕಾರಿ ಆಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಇನ್ನೊಂದು ಅಂಶವು ಇದಕ್ಕಿಂತ ಮುಖ್ಯವಾದುದು. ಭೂಕಂಪ ತಜ್ಞರು ಅಪಾಯವನ್ನು ಪುನರಾವರ್ತನ ಅವಧಿಯ ಮೂಲಕ ಅಳೆಯುತ್ತಾರೆ. ಐವತ್ತು ವರ್ಷಗಳಲ್ಲಿ ಶೇಕಡ 10ರಷ್ಟು ಸಂಭಾವ್ಯತೆಯಿರುವ ಕಂಪನದ ಪುನರಾವರ್ತನ ಅವಧಿ 475 ವರ್ಷ. ಶೇಕಡ 2ರಷ್ಟು ಸಂಭಾವ್ಯತೆಯಿರುವುದಕ್ಕೆ ಸುಮಾರು 2,475 ವರ್ಷ. ಕ್ಯಾಲಿಫೋರ್ನಿಯಾ ಕರಾವಳಿಯಂತಹ ಕ್ರಿಯಾಶೀಲ ಪ್ರದೇಶಗಳಲ್ಲಿ ದೊಡ್ಡ ಕಂಪನಗಳು ಆಗಿಂದಾಗ್ಗೆ ಬರುವುದರಿಂದ 475 ವರ್ಷದ ಕಂಪನವೇ ಗರಿಷ್ಠ ಮಟ್ಟಕ್ಕೆ ಸಮೀಪವಿರುತ್ತದೆ; 2,475 ವರ್ಷದ ಕಂಪನ ಅದರ ಒಂದೂವರೆ ಪಟ್ಟಿನಷ್ಟು ಮಾತ್ರ. ಅಲ್ಪ ಭೂಕಂಪ ಪ್ರದೇಶಗಳಲ್ಲಿ ಈ ಅನುಪಾತ ಮೂರು, ನಾಲ್ಕು ಪಟ್ಟಿಗೂ ಏರುತ್ತದೆ. 1886ರಲ್ಲಿ ಅಮೆರಿಕದ ಪೂರ್ವ ಕರಾವಳಿಯ ಚಾರ್ಲ್ಸ್‌ಟನ್ ನಗರವನ್ನು ಹಾಳುಗೆಡವಿದ ಭೂಕಂಪ ಇಂತಹ ವಿರಳ ಘಟನೆ. 1989ರ ಡಿಸೆಂಬರ್ 28ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ನಗರದಲ್ಲಿ ಕೇವಲ 5.6 ಪರಿಮಾಣದ ಕಂಪನಕ್ಕೆ 13 ಮಂದಿ ಬಲಿಯಾದದ್ದೂ ಇದೇ ಬಗೆಯದು.

ತಾತ್ಪರ್ಯವೇನೆಂದರೆ, ಅಲ್ಪ ಭೂಕಂಪ ನಗರದಲ್ಲಿ ದೊಡ್ಡ ಕಂಪನ ಬರುವ ಸಂಭವ ಕಡಿಮೆ. ಆದರೆ ಬಂದಲ್ಲಿ ಅದು ವಿನ್ಯಾಸದ ಲೆಕ್ಕವನ್ನು ಅಲ್ಪಸ್ವಲ್ಪವಲ್ಲ, ಹಲವು ಪಟ್ಟು ಮೀರುತ್ತದೆ. ಲೆಕ್ಕದ ಮಿತಿಯನ್ನು ದಾಟಿದೊಡನೆ ಕಟ್ಟಡ ಹೇಗೆ ವರ್ತಿಸುತ್ತದೆಂಬುದೇ ಆಗ ಜೀವನ್ಮರಣದ ಪ್ರಶ್ನೆ.

4. ಎತ್ತರ, ದೋಲನಾವಧಿ ಮತ್ತು ಮಣ್ಣು

ಪ್ರತಿಯೊಂದು ಕಟ್ಟಡಕ್ಕೂ ಒಂದು ಸಹಜ ದೋಲನಾವಧಿಯಿರುತ್ತದೆ. ಅಂದರೆ ಒಮ್ಮೆ ಅತ್ತಿತ್ತ ತೂಗಿ ಮೊದಲಿನ ಸ್ಥಿತಿಗೆ ಮರಳಲು ಅದಕ್ಕೆ ಬೇಕಾಗುವ ಕಾಲ. ಗಿಡ್ಡ ಹಾಗೂ ಬಿಗಿಯಾದ ಕಟ್ಟಡ ಬೇಗ ಬೇಗ ಕಂಪಿಸಿದರೆ, ಎತ್ತರದ ಕಟ್ಟಡ ತೆಂಗಿನ ಮರದಂತೆ ನಿಧಾನವಾಗಿ ತೂಗುತ್ತದೆ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳಿಗೆ ಸಂಹಿತೆ ನೀಡಿರುವ ಸ್ಥೂಲ ಸೂತ್ರದ ಪ್ರಕಾರ 12 ಮೀಟರ್ ಎತ್ತರದ ಕಟ್ಟಡದ ದೋಲನಾವಧಿ ಅರ್ಧ ಸೆಕೆಂಡಿನ ಆಸುಪಾಸು. 60 ಮೀಟರಿನದಕ್ಕೆ ಸುಮಾರು 1.6 ಸೆಕೆಂಡು. ಮಣ್ಣಿನ ಪದರಕ್ಕೂ ಇಂತಹ ಅವಧಿಯಿದೆ. ನೆಲದ ಲಯವೂ ಕಟ್ಟಡದ ಲಯವೂ ಕೂಡಿಬಂದಾಗ, ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ತಳ್ಳಿದಂತೆ, ಪ್ರತಿ ಆವರ್ತನೆಯಲ್ಲಿಯೂ ತೂಗಾಟ ಹೆಚ್ಚುತ್ತ ಹೋಗುತ್ತದೆ. ಇದೇ ಅನುರಣನೆ.

1985ರ ಸೆಪ್ಟೆಂಬರ್ 19ರಂದು ಪೆಸಿಫಿಕ್ ಕರಾವಳಿಯಲ್ಲಿ ಉಂಟಾದ ಭೂಕಂಪವು ಮುನ್ನೂರೈವತ್ತು ಕಿಲೋಮೀಟರಿಗೂ ದೂರದ ಮೆಕ್ಸಿಕೋ ನಗರವನ್ನು ಧ್ವಂಸಮಾಡಿತು. ಹಿಂದೆ ಸರೋವರವಾಗಿದ್ದ ನೆಲದ ಮೆದುಜೇಡಿ ಸುಮಾರು ಎರಡು ಸೆಕೆಂಡಿನ ಲಯದಲ್ಲಿ ತೂಗಿ, ಆ ಲಯಕ್ಕೆ ಸಮೀಪವಿದ್ದ ಮಧ್ಯಮ ಎತ್ತರದ ಕಟ್ಟಡಗಳನ್ನು ವಿಶೇಷವಾಗಿ ಆರಿಸಿ ಕೆಡವಿದಂತಾಯಿತು. 2025ರ ಮಾರ್ಚ್ 28ರಂದು ಮ್ಯಾನ್ಮಾರಿನ ಸಗೈಂಗ್–ಮಾಂಡಲೆ ಭಾಗದಲ್ಲಿ 7.7 ಪರಿಮಾಣದ ಭೂಕಂಪವಾದಾಗ ಸುಮಾರು ಸಾವಿರ ಕಿಲೋಮೀಟರ್ ದೂರದ ಬ್ಯಾಂಕಾಕ್ ನಗರದ ಗಗನಚುಂಬಿಗಳು ತೂಗಾಡಿದವು. ಕಟ್ಟಡಗಳ ಮೇಲಿನ ಈಜುಕೊಳಗಳ ನೀರು ಉಕ್ಕಿ ಕೆಳಗೆ ಸುರಿಯಿತು. ಬ್ಯಾಂಕಾಕ್ ನಗರವೂ ಮೆದುಜೇಡಿಯ ದಪ್ಪ ಪದರದ ಮೇಲಿದೆ. ನಿರ್ಮಾಣ ಹಂತದಲ್ಲಿದ್ದ ಸುಮಾರು 30 ಮಹಡಿಗಳ ಸರ್ಕಾರಿ ಕಟ್ಟಡವೊಂದು ಕ್ಷಣಗಳಲ್ಲಿ ಕುಸಿದು ಹತ್ತಾರು ಕಾರ್ಮಿಕರು ಮೃತಪಟ್ಟರು. ಗಮನಾರ್ಹವೆಂದರೆ, ಅದೇ ನಗರದ ಇತರ ನೂರಾರು ಎತ್ತರದ ಕಟ್ಟಡಗಳು ತೂಗಿದವೇ ಹೊರತು ಬೀಳಲಿಲ್ಲ.

ಬೆಂಗಳೂರಿನ ಸ್ಥಿತಿ ಇವೆರಡರಿಂದಲೂ ಭಿನ್ನ. ಇಲ್ಲಿ ಬಂಡೆಯ ಮೇಲಿನ ಮಣ್ಣಿನ ಪದರ ತೆಳುವಾದುದು. ಹಲವೆಡೆ ಕೆಲವೇ ಮೀಟರ್, ಕೆಲವೆಡೆ ಇಪ್ಪತ್ತು ಮೀಟರಿನ ಸುಮಾರು. ಇಂತಹ ಪದರದ ಸಹಜ ಅವಧಿ ಸೆಕೆಂಡಿನ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಹತ್ತಿರದ ಮಧ್ಯಮ ಭೂಕಂಪದಲ್ಲಿ ಮಣ್ಣಿನ ವರ್ಧನೆಯಿಂದ ಹೆಚ್ಚು ಬಾಧಿತವಾಗುವುದು ಎರಡರಿಂದ ನಾಲ್ಕು ಮಹಡಿಗಳ ಕಟ್ಟಡಗಳು. ಹಾಗೆಂದು ಎತ್ತರದ ಕಟ್ಟಡಗಳು ಸಂಪೂರ್ಣ ಮುಕ್ತವೆಂದಲ್ಲ. ಅವು ಒಂದೇ ವಿಧದಲ್ಲಿ ತೂಗುವುದಿಲ್ಲ. ನಡುವೆ ಬಳುಕುವ ಎರಡನೆಯ, ಮೂರನೆಯ ವಿಧಾನಗಳೂ ಇದ್ದು, ಅವುಗಳ ಅವಧಿ ಮೊದಲನೆಯದರ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಇವು ಹತ್ತಿರದ ಕಂಪನದ ಲಯಕ್ಕೆ ಸ್ಪಂದಿಸಿ ಕಟ್ಟಡದ ಮಧ್ಯಭಾಗದ ಮತ್ತು ಮೇಲ್ಭಾಗದ ಮಹಡಿಗಳಲ್ಲಿ ಅನಿರೀಕ್ಷಿತ ಬಲಗಳನ್ನು ಉಂಟುಮಾಡುತ್ತವೆ. ಇತ್ತ ದೂರದ ಮಹಾಭೂಕಂಪಗಳ ದೀರ್ಘಾವಧಿಯ ಅಲೆಗಳು ಮೊದಲನೆಯ ವಿಧಾನವನ್ನೇ ತಟ್ಟುತ್ತವೆ. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿಯ ಸಾಗರತಳದಲ್ಲಿ 8.6 ಪರಿಮಾಣದ ಭೂಕಂಪವಾದಾಗ ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಎತ್ತರದ ಕಚೇರಿಗಳಿಂದ ಜನ ಹೊರಗೋಡಿ ಬಂದದ್ದು ಇದೇ ಕಾರಣದಿಂದ.

ಸ್ಥಳೀಯವಾಗಿ ವಿಶೇಷ ಗಮನ ಬೇಡುವುದು ಕೆರೆಯಂಗಳಗಳು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವೂ ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ನಿರ್ಮಾಣವಾಗಿರುವುದು ಸುವಿದಿತ. ಹೀಗೆ ಮುಚ್ಚಿಹೋದ ಕೆರೆಗಳು ನಗರದಲ್ಲಿ ಹಲವಾರಿವೆ. ಹೂಳು ಮತ್ತು ತುಂಬುಮಣ್ಣಿನ ಮೇಲಿನ ನಿವೇಶನವು ಪಕ್ಕದ ಗಟ್ಟಿನೆಲದ ನಿವೇಶನಕ್ಕಿಂತ ಬೇರೆಯಾಗಿಯೇ ಕಂಪಿಸುತ್ತದೆ. ನಕ್ಷೆಯಲ್ಲಿ ಎರಡಕ್ಕೂ ವಲಯ ಒಂದೇ. ನೆಲದೊಳಗೆ ಒಂದೇ ಅಲ್ಲ. ಆದುದರಿಂದ ಪ್ರತಿಯೊಂದು ಎತ್ತರದ ಕಟ್ಟಡಕ್ಕೂ ಬಂಡೆ ಸಿಗುವವರೆಗೆ ಮಣ್ಣಿನ ಪರೀಕ್ಷೆ ನಡೆಸುವುದು ಅತ್ಯವಶ್ಯ.

5. ಗಾಳಿಗೆ ನಿಂತದ್ದು ಭೂಕಂಪಕ್ಕೆ ನಿಂತೀತೆ?

ಎತ್ತರದ ಕಟ್ಟಡಗಳ ವಿನ್ಯಾಸಕಾರರಲ್ಲಿ ಒಂದು ವಾದ ಸಾಮಾನ್ಯವಾಗಿ ಕೇಳಿಬರುತ್ತದೆ: ಎರಡನೆಯ ವಲಯದಲ್ಲಿ ಲೆಕ್ಕ ಹಾಕಿದಾಗ ಗಾಳಿಯ ಬಲ ಭೂಕಂಪದ ಬಲಕ್ಕೆ ಸಮನಾಗಿ ಇಲ್ಲವೆ ಹೆಚ್ಚಾಗಿ ಬರುತ್ತದೆ, ಗಾಳಿಗೆ ತಕ್ಕಂತೆ ರಚಿಸಿದ ಕಟ್ಟಡ ಭೂಕಂಪಕ್ಕೂ ಸಾಕಾಗುತ್ತದೆ. ಈ ವಾದದ ದೋಷವನ್ನು ಒಂದು ಸರಳ ಲೆಕ್ಕದಿಂದ ಕಾಣಬಹುದು.

25 ಮೀಟರ್ ಚದರದ ತಳವಿನ್ಯಾಸವುಳ್ಳ, 60 ಮೀಟರ್ ಎತ್ತರದ, 20 ಮಹಡಿಗಳ ಕಾಂಕ್ರೀಟ್ ಕಟ್ಟಡವೊಂದನ್ನು ಭಾವಿಸೋಣ. ಇದರ ತೂಕ ಸುಮಾರು 15,000 ಟನ್. ಬೆಂಗಳೂರಿಗೆ ಸಂಹಿತೆಯಲ್ಲಿ ನಿಗದಿಯಾಗಿರುವ ಸೆಕೆಂಡಿಗೆ 33 ಮೀಟರ್ ಮೂಲ ಗಾಳಿವೇಗವನ್ನು ಆಧರಿಸಿ ಸ್ಥೂಲವಾಗಿ ಲೆಕ್ಕ ಹಾಕಿದರೆ ಇದರ ಮೇಲೆ ಬೀಳುವ ಒಟ್ಟು ಗಾಳಿಬಲ 130ರಿಂದ 140 ಟನ್. ಇನ್ನು ಭೂಕಂಪ. ಗಟ್ಟಿನೆಲ, 1.6 ಸೆಕೆಂಡಿನ ದೋಲನಾವಧಿ ಮತ್ತು ಸಾಮಾನ್ಯ ಪ್ರಾಮುಖ್ಯದ ಕಟ್ಟಡವೆಂದು ಹಿಡಿದರೆ, 2016ರ ಸಂಹಿತೆಯ ಪ್ರಕಾರ ವಿಶೇಷ ತನ್ಯತೆಯಿಲ್ಲದ ಸಾಮಾನ್ಯ ಚೌಕಟ್ಟಿಗೆ ತೂಕದ ಶೇಕಡ 1ರಷ್ಟು, ಅಂದರೆ ಸುಮಾರು 155 ಟನ್. ತನ್ಯ ಚೌಕಟ್ಟಿಗೆ ಲೆಕ್ಕ ಇನ್ನೂ ಕೆಳಗಿಳಿದು, ಎರಡನೆಯ ವಲಯದ ಕನಿಷ್ಠ ಮಿತಿಯಾದ ಶೇಕಡ 0.7, ಅಂದರೆ 105 ಟನ್. ಗಾಳಿಯೂ ಭೂಕಂಪವೂ ಸರಿಸುಮಾರು ಸಮವೆಂದು ಮೇಲ್ನೋಟಕ್ಕೆ ತೋರುತ್ತದೆ.

ಆದರೆ ಈ ಎರಡು ಸಂಖ್ಯೆಗಳ ಸ್ವರೂಪ ಬೇರೆ. ಗಾಳಿಯ ಸಂಖ್ಯೆ ನಿಜವಾಗಿ ಬೀಳುವ ಬಲ. ಅದಕ್ಕೆ ಕಟ್ಟಡ ಘಾಸಿಗೊಳ್ಳದೆ ನಿಲ್ಲಬೇಕು. ಭೂಕಂಪದ ಸಂಖ್ಯೆಯಾದರೋ ಕಡಿತಗೊಂಡ ಬಲ. ಕಟ್ಟಡ ಸ್ವಲ್ಪವೂ ಘಾಸಿಗೊಳ್ಳದೆ ನಿಲ್ಲಬೇಕಾದಲ್ಲಿ ತಾಳಬೇಕಾಗುವ ಬಲವನ್ನು ಮೂರರಿಂದ ಅಥವಾ ಐದರಿಂದ ಭಾಗಿಸಿ ಬಂದದ್ದು. ಭಾಗಿಸದಿದ್ದರೆ ಅದೇ ಕಟ್ಟಡಕ್ಕೆ ವಿನ್ಯಾಸ ಮಟ್ಟದ ಕಂಪನದಲ್ಲಿ ಸುಮಾರು 460 ಟನ್, ಸಂಹಿತೆ ಪರಿಗಣಿಸುವ ಗರಿಷ್ಠ ಕಂಪನದಲ್ಲಿ ಸುಮಾರು 930 ಟನ್ ಬಲ ಒದಗುತ್ತದೆ. ಮೆದು ಮಣ್ಣಿನ ಮೇಲಾದರೆ ಇದು 1,500 ಟನ್ನಿಗೆ ಏರುತ್ತದೆ. 140 ಟನ್ ಗಾಳಿಗೆ ರಚಿಸಿದ ಕಟ್ಟಡದ ಎದುರು 930 ಟನ್ನಿನ ಬೇಡಿಕೆ ಬಂದು ನಿಲ್ಲುತ್ತದೆ. ಈ ಅಂತರವನ್ನು ತುಂಬುವುದು ಬಲವಲ್ಲ, ತನ್ಯತೆ. ಗಾಳಿಯ ಲೆಕ್ಕ ತನ್ಯತೆಯನ್ನು ಕೇಳುವುದಿಲ್ಲ. ಆದುದರಿಂದ ಗಾಳಿಗೆ ಸಾಕಾದ ಕಟ್ಟಡ ಭೂಕಂಪಕ್ಕೂ ಸಾಕೆಂಬುದು ತಪ್ಪು ತರ್ಕ.

6. ತನ್ಯತೆಯ ಮರ್ಮ

ಸೀಮೆಸುಣ್ಣದ ಕಡ್ಡಿಯನ್ನು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಅಷ್ಟೇ ದಪ್ಪದ ಉಕ್ಕಿನ ಸರಳು ಬಾಗುತ್ತದೆ, ಮುರಿಯುವುದಿಲ್ಲ. ಬಾಗುತ್ತ ಅದು ಶಕ್ತಿಯನ್ನು ಹೀರಿಕೊಳ್ಳುತ್ತದೆ. ಕಾಂಕ್ರೀಟ್ ಸ್ವಭಾವತಃ ಸೀಮೆಸುಣ್ಣದ ಜಾತಿಯದು. ಅದರೊಳಗಿನ ಉಕ್ಕನ್ನು ಸರಿಯಾದ ರೀತಿಯಲ್ಲಿ ಜೋಡಿಸಿದಾಗ ಮಾತ್ರ ಇಡೀ ಚೌಕಟ್ಟು ಉಕ್ಕಿನ ಗುಣವನ್ನು ಪಡೆಯುತ್ತದೆ.

ಈ ಜೋಡಣೆಯ ನಿಯಮಗಳನ್ನು ಐ.ಎಸ್. 13920 ಸಂಹಿತೆಯು 1993ರಲ್ಲಿ ಪ್ರಥಮವಾಗಿ ನೀಡಿತು. 2016ರಲ್ಲಿ ಅದು ಪರಿಷ್ಕೃತವಾಯಿತು. ಅದರ ಮೂಲತತ್ತ್ವಗಳು ಮೂರು. ಮೊದಲನೆಯದಾಗಿ, ಕಂಬಗಳು ತೊಲೆಗಳಿಗಿಂತ ಬಲವಾಗಿರಬೇಕು. ಸಂಧಿಯಲ್ಲಿ ಕಂಬಗಳ ಒಟ್ಟು ಬಾಗುಸಾಮರ್ಥ್ಯ ತೊಲೆಗಳದಕ್ಕಿಂತ ಕನಿಷ್ಠ 1.4 ಪಟ್ಟು ಇರಬೇಕೆಂದು 2016ರ ಆವೃತ್ತಿ ವಿಧಿಸುತ್ತದೆ. ತೊಲೆ ಬಾಗಿದರೆ ಒಂದು ಮಹಡಿಯ ಒಂದು ಭಾಗಕ್ಕೆ ಹಾನಿ. ಕಂಬ ಮುರಿದರೆ ಮೇಲಿನ ಎಲ್ಲ ಮಹಡಿಗಳೂ ಕುಸಿಯುತ್ತವೆ. ಎರಡನೆಯದಾಗಿ, ಕಂಬದ ಉದ್ದ ಸರಳುಗಳನ್ನು ಸುತ್ತುವರಿದ ರಿಂಗುಗಳು ಕಂಬದ ತುದಿಗಳಲ್ಲಿ ಒತ್ತಾಗಿ, 100 ಮಿಲಿಮೀಟರಿಗಿಂತ ಹೆಚ್ಚಿನ ಅಂತರವಿಲ್ಲದಂತೆ ಇರಬೇಕು. ಅವುಗಳ ಕೊಕ್ಕೆಗಳು 135 ಡಿಗ್ರಿ ಕೋನದಲ್ಲಿ ಒಳಕ್ಕೆ ಬಾಗಿ ಕಾಂಕ್ರೀಟಿನ ಗರ್ಭವನ್ನು ಹಿಡಿದಿರಬೇಕು. 90 ಡಿಗ್ರಿಯ ಕೊಕ್ಕೆ ಹೊರಗಿನ ಕಾಂಕ್ರೀಟ್ ಉದುರಿದೊಡನೆ ಬಿಚ್ಚಿಕೊಳ್ಳುತ್ತದೆ. ಮೂರನೆಯದಾಗಿ, ಸರಳುಗಳನ್ನು ಒಂದರ ಮೇಲೊಂದು ಸೇರಿಸುವ ಬೆಸುಗೆಭಾಗ ಕಂಬದ ಬುಡದಲ್ಲಿರದೆ ಮಧ್ಯದ ಅರ್ಧಭಾಗದಲ್ಲಿರಬೇಕು.

ಮೂರನೆಯ ವಲಯದಿಂದ ಮೇಲಕ್ಕೆ ಈ ನಿಯಮಗಳ ಪಾಲನೆ ಕಡ್ಡಾಯ. ಎರಡನೆಯ ವಲಯದಲ್ಲಿ 2016ರ ಸಂಹಿತೆಗಳು ಸಾಮಾನ್ಯ ಚೌಕಟ್ಟನ್ನೂ ಒಪ್ಪುತ್ತವೆ. ತನ್ಯ ವಿವರಗಳು ವಿನ್ಯಾಸಕಾರನ ಇಚ್ಛೆಗೆ ಬಿಟ್ಟದ್ದು. ಈ ಸ್ವಾತಂತ್ರ್ಯವೇ ಬೆಂಗಳೂರಿನಂತಹ ನಗರದ ಅತಿ ದೊಡ್ಡ ದೌರ್ಬಲ್ಯ. ಇಪ್ಪತ್ತು ಮಹಡಿಗಳ ಕಟ್ಟಡದಲ್ಲಿ ನೂರಾರು ಜನ ವಾಸಿಸುತ್ತಾರೆ; ಒಂದು ಕಟ್ಟಡದ ಕುಸಿತ ಒಂದು ಗ್ರಾಮದ ನಾಶಕ್ಕೆ ಸಮ. ಹೆಚ್ಚುವರಿ ರಿಂಗುಗಳಿಗೆ ತಗಲುವ ಉಕ್ಕು ಕಟ್ಟಡದ ಒಟ್ಟು ವೆಚ್ಚದಲ್ಲಿ ಅತ್ಯಲ್ಪ ಭಾಗ. ನೂರೈವತ್ತು ರೂಪಾಯಿಯ ಬೀಗ ಉಳಿಸಲು ಹೋಗಿ ಮನೆಯನ್ನೇ ಪಣಕ್ಕಿಟ್ಟಂತೆ ಈ ಉಳಿತಾಯ. 50 ಮೀಟರ್ ಮೀರಿದ ಕಟ್ಟಡಗಳಿಗಾಗಿಯೇ ಐ.ಎಸ್. 16700 ಸಂಹಿತೆ 2017ರಲ್ಲಿ ಪ್ರಕಟವಾದುದು ಈ ದಿಕ್ಕಿನಲ್ಲಿ ಸ್ವಾಗತಾರ್ಹ ಹೆಜ್ಜೆ. ಆದರೆ ಅದರ ಮಿತಿಗಿಂತ ಕೆಳಗಿನ, ಹತ್ತರಿಂದ ಹದಿನೈದು ಮಹಡಿಗಳ ಕಟ್ಟಡಗಳೇ ನಗರದಲ್ಲಿ ಹೆಚ್ಚು.

7. ತೆರೆದ ನೆಲಮಹಡಿ

2001ರಲ್ಲಿ ಭೂಕಂಪದ ಅಧಿಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ಅಹಮದಾಬಾದಿನಲ್ಲಿ ಏಳುನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅಲ್ಲಿ ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಪದೇ ಪದೇ ಕಂಡುಬಂದ ಲಕ್ಷಣ ಒಂದೇ: ಮೇಲಿನ ಮಹಡಿಗಳಲ್ಲಿ ಕೊಠಡಿಗಳ ಗೋಡೆಗಳು, ನೆಲಮಟ್ಟದಲ್ಲಿ ವಾಹನ ನಿಲುಗಡೆಗಾಗಿ ಬರಿಯ ಕಂಬಗಳು. ಸ್ಟಿಲ್ಟ್ ಎಂದು ಕರೆಯಲಾಗುವ ಈ ವ್ಯವಸ್ಥೆ ಬೆಂಗಳೂರಿನಲ್ಲಿಯೂ ಸರ್ವೇಸಾಮಾನ್ಯ.

ಇಟ್ಟಿಗೆ ಅಥವಾ ಬ್ಲಾಕ್ ಗೋಡೆಗಳನ್ನು ವಿನ್ಯಾಸದಲ್ಲಿ ಕೇವಲ ಭಾರವೆಂದು ಪರಿಗಣಿಸುವ ರೂಢಿಯಿದ್ದರೂ, ನಿಜದಲ್ಲಿ ಅವು ಮೇಲಿನ ಮಹಡಿಗಳನ್ನು ಒಂದು ಗಟ್ಟಿ ಪೆಟ್ಟಿಗೆಯಂತೆ ಬಿಗಿಯುತ್ತವೆ. ನೆಲ ಸರಿದಾಗ ಆ ಪೆಟ್ಟಿಗೆ ಒಟ್ಟಾಗಿ ಅಲುಗುತ್ತದೆ. ಸರಿದಾಟವೆಲ್ಲ ಕೆಳಗಿನ ಕಂಬಗಳ ಮೇಲೆಯೇ ಬೀಳುತ್ತದೆ. ತೆಳ್ಳನೆಯ ಕಾಲುಗಳ ಮೇಲೆ ಭಾರದ ಅಟ್ಟವನ್ನಿಟ್ಟಂತೆ ಆಗುತ್ತದೆ. 2002ರ ಸಂಹಿತೆ ಇಂತಹ ಮಹಡಿಯ ಕಂಬ ಹಾಗೂ ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ರಚಿಸಬೇಕೆಂದು ಹೇಳಿತು. 2016ರ ಆವೃತ್ತಿ ಇನ್ನೂ ಮುಂದುವರಿದು, ತೆರೆದ ಮಹಡಿಯಲ್ಲಿ ಕಾಂಕ್ರೀಟ್ ಗೋಡೆಗಳನ್ನೋ ಓರೆಕಟ್ಟುಗಳನ್ನೋ ಒದಗಿಸಿ, ಆ ಮಹಡಿಯ ಬಿಗಿತವು ಮೇಲಿನ ಮಹಡಿಯದರ ಶೇಕಡ 80ಕ್ಕಿಂತ ಹೆಚ್ಚಿರುವಂತೆ ಮಾಡಬೇಕೆಂದು ವಿಧಿಸಿತು. ವಾಹನಗಳ ಓಡಾಟಕ್ಕೆ ಅಡ್ಡಿಯಾಗದಂತೆ ಲಿಫ್ಟ್ ಮತ್ತು ಮೆಟ್ಟಿಲುಗಳ ಸುತ್ತ ಹಾಗೂ ಅಂಚುಗಳಲ್ಲಿ ಇಂತಹ ಗೋಡೆಗಳನ್ನು ತಳಹದಿಯಿಂದ ತುದಿಯವರೆಗೆ ಅಖಂಡವಾಗಿ ಕೊಂಡೊಯ್ಯುವುದು ಕಷ್ಟವೇನಲ್ಲ. ಅದು ವಾಸ್ತುಶಿಲ್ಪಿ ಮೊದಲ ರೇಖೆ ಎಳೆಯುವಾಗಲೇ ನಿರ್ಧಾರವಾಗಬೇಕಾದ ವಿಷಯ.

8. ಆಕೃತಿಯ ಶಿಸ್ತು

ಭೂಕಂಪದ ಬಲ ಕಟ್ಟಡದ ರಾಶಿ ಎಲ್ಲಿದೆಯೋ ಅಲ್ಲಿ ಹುಟ್ಟಿ, ಚಾವಣಿ, ತೊಲೆ, ಕಂಬ, ಗೋಡೆಗಳ ಮೂಲಕ ತಳಹದಿಗೆ ಇಳಿಯುತ್ತದೆ. ಈ ದಾರಿ ನೇರವೂ ಅಖಂಡವೂ ಆಗಿದ್ದಷ್ಟು ಕಟ್ಟಡ ಸುರಕ್ಷಿತ. ಲಿಫ್ಟಿನ ಗೋಡೆಗಳನ್ನು ಒಂದು ಮೂಲೆಗೆ ಒತ್ತರಿಸಿದರೆ ರಾಶಿಯ ಕೇಂದ್ರವೂ ಬಿಗಿತದ ಕೇಂದ್ರವೂ ಬೇರೆಯಾಗಿ ಕಟ್ಟಡ ತಿರುಚಿಕೊಳ್ಳುತ್ತದೆ. ದೂರದ ಮೂಲೆಯ ಕಂಬಗಳು ಹೆಚ್ಚಿನ ಸರಿದಾಟಕ್ಕೆ ಗುರಿಯಾಗುತ್ತವೆ. ಮೇಲಿನ ಕಂಬಗಳನ್ನು ಕೆಳಗೆ ಮುಂದುವರಿಸದೆ ತೊಲೆಯ ಮೇಲೆ ನಿಲ್ಲಿಸುವ ತೇಲುಗಂಬದ ಪದ್ಧತಿ ಮತ್ತೊಂದು ಅಪಾಯ; ಭೂಕಂಪ ಬಲವನ್ನು ಹೊರುವ ವ್ಯವಸ್ಥೆಯಲ್ಲಿ ಇಂತಹ ಕಂಬಗಳನ್ನು 2016ರ ಸಂಹಿತೆ ನಿಷೇಧಿಸಿದೆ.

ತೊಲೆಗಳಿಲ್ಲದ ಚಪ್ಪಟೆ ಚಾವಣಿಗಳು ಕಚೇರಿ ಕಟ್ಟಡಗಳಲ್ಲಿ ಜನಪ್ರಿಯವಾಗಿವೆ. ಅಲ್ಲಿ ಪಾರ್ಶ್ವಬಲವೆಲ್ಲ ಮಧ್ಯದ ಗೋಡೆಗಳದೆಂದೂ ಉಳಿದ ಕಂಬಗಳು ಭಾರ ಹೊರಲಷ್ಟೇ ಎಂದೂ ಲೆಕ್ಕ ಹಾಕಲಾಗುತ್ತದೆ. ಆದರೆ ಕಟ್ಟಡ ತೂಗಿದಾಗ ಆ ಕಂಬಗಳೂ ಜೊತೆಗೆ ತೂಗಲೇಬೇಕು. ಅಷ್ಟು ಸರಿದಾಟದಲ್ಲಿ ಕಂಬವು ಚಾವಣಿಯನ್ನು ಚುಚ್ಚಿಕೊಂಡು ಹೋಗದಂತೆ ಸಂಧಿಯನ್ನು ಬಲಪಡಿಸುವುದು ಅಗತ್ಯ. ಗಾಜಿನ ಮುಖಗೋಡೆ, ಮೇಲಿನ ನೀರಿನ ತೊಟ್ಟಿ, ಸುಳ್ಳು ಚಾವಣಿ, ಮೆಟ್ಟಿಲು, ಲಿಫ್ಟುಗಳ ಜೋಡಣೆಗೂ ಈ ಮಾತು ಅನ್ವಯಿಸುತ್ತದೆ; ಕಟ್ಟಡ ನಿಂತರೂ ಇವು ಬಿದ್ದರೆ ಪ್ರಾಣಹಾನಿ ತಪ್ಪದು.

9. ಅನುಷ್ಠಾನ ಮತ್ತು ಈಗಿರುವ ಕಟ್ಟಡಗಳು

ಕಾಗದದ ಮೇಲಿನ ವಿನ್ಯಾಸ ಎಷ್ಟೇ ನಿರ್ದುಷ್ಟವಾಗಿದ್ದರೂ ರಿಂಗಿನ ಕೊಕ್ಕೆಯನ್ನು ಬಾಗಿಸುವವನು ನಿವೇಶನದ ಕಂಬಿ ಕೆಲಸಗಾರ. 90 ಡಿಗ್ರಿಯ ಕೊಕ್ಕೆ ಬೇಗ ಮುಗಿಯುವ ಕೆಲಸ. 135 ಡಿಗ್ರಿಯದಕ್ಕೆ ಹೆಚ್ಚು ಶ್ರಮ ಬೇಕು. ಕಾಂಕ್ರೀಟ್ ಸುರಿದ ಮೇಲೆ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಆದುದರಿಂದ ಕಾಂಕ್ರೀಟ್ ಹಾಕುವ ಮುನ್ನ ಸಂಧಿಗಳನ್ನು ಅರ್ಹ ಎಂಜಿನಿಯರರು ಪರಿಶೀಲಿಸಿ ದಾಖಲಿಸುವುದು, ಎತ್ತರದ ಕಟ್ಟಡಗಳ ವಿನ್ಯಾಸವನ್ನು ಮೂಲ ವಿನ್ಯಾಸಕಾರರಲ್ಲದ ತಜ್ಞರು ಮರುಪರಿಶೀಲಿಸುವುದು, ಕೆಲಸಗಾರರಿಗೆ ಅವರ ಭಾಷೆಯಲ್ಲಿಯೇ ತರಬೇತಿ ನೀಡುವುದು, ಇವು ಸಂಹಿತೆಯ ಅಕ್ಷರಗಳಷ್ಟೇ ಮುಖ್ಯ.

ಈಗಾಗಲೇ ನಿಂತಿರುವ ಕಟ್ಟಡಗಳ ಪ್ರಶ್ನೆ ಹೆಚ್ಚು ಜಟಿಲ. ಎಲ್ಲವನ್ನೂ ಒಮ್ಮೆಲೆ ಬಲಪಡಿಸುವುದು ಅಸಾಧ್ಯ; ಆದರೆ ಆದ್ಯತೆಯ ಕ್ರಮವನ್ನು ಗುರುತಿಸಬಹುದು. ಆಸ್ಪತ್ರೆಗಳು, ಅಗ್ನಿಶಾಮಕ ಠಾಣೆಗಳು ಹಾಗೂ ಶಾಲೆಗಳು ಮೊದಲು. ಬಳಿಕ ಕೆರೆಯಂಗಳದ ತೆರೆದ ನೆಲಮಹಡಿಯ ವಸತಿ ಸಮುಚ್ಚಯಗಳು. ಇಂತಹ ಕಟ್ಟಡಗಳ ಮೌಲ್ಯಮಾಪನ ಹಾಗೂ ಬಲವರ್ಧನೆಗೆ ಐ.ಎಸ್. 15988 ಸಂಹಿತೆ 2013ರಿಂದ ಲಭ್ಯವಿದೆ. ನೆಲಮಹಡಿಯ ಆಯ್ದ ಕಂಬಗಳ ನಡುವೆ ಕಾಂಕ್ರೀಟ್ ಗೋಡೆಗಳನ್ನು ಸೇರಿಸುವುದರಿಂದ, ಕಂಬಗಳಿಗೆ ಹೊದಿಕೆ ಹಾಕುವುದರಿಂದ ಇಡೀ ಕಟ್ಟಡದ ವರ್ತನೆಯನ್ನೇ ಬದಲಿಸಬಹುದು. ನಿವಾಸಿಗಳ ಸಂಘಗಳು ಬಣ್ಣ ಬಳಿಸಲು ತೆಗೆದಿಡುವ ನಿಧಿಯ ಜೊತೆಗೆ ಇಂತಹ ಪರಿಶೀಲನೆಗೂ ಸ್ವಲ್ಪ ಹಣ ಮೀಸಲಿಡುವುದು ವಿವೇಕದ ಕ್ರಮ.

10. ಉಪಸಂಹಾರ

ಅಲ್ಪ ಭೂಕಂಪ ವಲಯದ ನಗರಗಳಿಗೆ ಹಿಮಾಲಯದ ನಗರಗಳಷ್ಟು ಭಾರಿ ಬಲಕ್ಕೆ ಕಟ್ಟಡಗಳನ್ನು ರಚಿಸುವ ಅಗತ್ಯವಿಲ್ಲ. ಹಾಗೆ ಮಾಡುವುದು ಸಂಪನ್ಮೂಲಗಳ ಅಪವ್ಯಯ. ಅವಕ್ಕೆ ಬೇಕಾದುದು ಲೆಕ್ಕಕ್ಕಿಂತ ದೊಡ್ಡ ಕಂಪನ ಬಂದಾಗಲೂ ಬಾಗಿ ನಿಲ್ಲುವ, ಮುರಿದು ಬೀಳದ ಗುಣ. ಆ ಗುಣ ನೇರವಾದ ಆಕೃತಿಯಿಂದ, ನೆಲಮಟ್ಟದವರೆಗೂ ಇಳಿಯುವ ಗೋಡೆಗಳಿಂದ, ಒತ್ತಾಗಿ ಕಟ್ಟಿದ ರಿಂಗುಗಳಿಂದ, ನೆಲವನ್ನು ಅರಿತ ತಳಹದಿಯಿಂದ ಬರುತ್ತದೆ. ಇವುಗಳಲ್ಲಿ ಯಾವುದೂ ದುಬಾರಿಯಾದುದಲ್ಲ. ಯಾವುದನ್ನೂ ಕಟ್ಟಡ ಮುಗಿದ ಮೇಲೆ ಸುಲಭವಾಗಿ ಸೇರಿಸಲಾಗುವುದಿಲ್ಲ.

ಕಿಲ್ಲಾರಿಯ ಜನ ತಮ್ಮ ನೆಲ ನಕ್ಷೆಯಲ್ಲಿ ಯಾವ ವಲಯದಲ್ಲಿದೆಯೆಂಬುದನ್ನು ತಿಳಿದಿರಲಿಲ್ಲ. ತಿಳಿದಿದ್ದರೂ ಆ ನಕ್ಷೆ ಅವರಿಗೆ ನಿಶ್ಚಿಂತೆಯನ್ನೇ ಹೇಳುತ್ತಿತ್ತು. ಇಂದು ಬೆಂಗಳೂರಿನಲ್ಲಿ ಕಟ್ಟುತ್ತಿರುವವರಿಗೆ ಆ ಅಜ್ಞಾನದ ರಕ್ಷಣೆಯಿಲ್ಲ. ಎರಡನೆಯ ವಲಯದಲ್ಲಿಯೂ ಎತ್ತರದ ಕಟ್ಟಡಗಳಿಗೆ ತನ್ಯ ವಿವರಗಳನ್ನು ಕಡ್ಡಾಯಗೊಳಿಸುವುದು ಮತ್ತು ಅವು ನಿವೇಶನದಲ್ಲಿ ಪಾಲನೆಯಾಗುತ್ತಿವೆಯೆಂಬುದನ್ನು ಖಚಿತಪಡಿಸಿಕೊಳ್ಳುವುದು ಈ ದಿಶೆಯಲ್ಲಿ ಆಗಬೇಕಾದ ಮೊದಲ ಕಾರ್ಯ.